ಮೊಬೈಲಿನಲ್ಲಿ ಬರುವ ಗಿರಾಕಿಯೂ ಜಾಹೀರಾತಿನವನೂ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳೊಳಗೆ ಉಪಾಧ್ಯಾಯಿನಿಯರೂ ದಾದಿಯರೂ ಆದವರ ಹೆಸರುಗಳನ್ನು ನಾವು ಹೆಮ್ಮೆಯಿಂದ ಹೇಳುವದುಂಟು. ಆದರೆ ಹಿರೇನಲ್ಲೂರಿನಲ್ಲಿಯೂ, ಕಡೂರು ಬೀರೂರುಗಳಲ್ಲಿಯೂ, ತರೀಕೆರೆ ಅಜ್ಜಂಪುರಗಳ ಕಡೆಯಲ್ಲಿಯೂ ಮನೆಯ ಜಗಲಿಯ ಮೇಲೆಯೋ ಮುಂದಿನ ಕೋಣೆಯಲ್ಲಿಯೋ ಒಂದು ಸಣ್ಣ ಉದ್ಯೋಗವನ್ನು ನಡಿಸಿಕೊಂಡು ಸಂಸಾರವನ್ನು ಸಾಗಿಸುವವರು ಅವರಿಗಿಂತಲೂ ಹೆಚ್ಚು ಮಂದಿ ಇದ್ದಾರೆ. ಒಬ್ಬಳು ರವಿಕೆ ಹೊಲಿಯುವಳು. ಮತ್ತೊಬ್ಬಳು ಚಕ್ಕುಲಿ ಕೋಡುಬಳೆಗಳನ್ನು ಮಾಡಿ ಮಾರುವಳು. ಇನ್ನೊಬ್ಬಳ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಗಾಣವುಂಟು. ಹಪ್ಪಳ ಸಂಡಿಗೆ, ಹುರಿಹಿಟ್ಟು, ಉಪ್ಪಿನಕಾಯಿಗಳ ಸಂಘದವರು ಬೇರೆ ಇದ್ದಾರೆ. ಇವರ ಕೈಗೆ ಬರುವ ಹಣವು ದೊಡ್ಡದಲ್ಲ. ಅದು ಮಕ್ಕಳ ಪುಸ್ತಕಕ್ಕೂ, ಅತ್ತೆಯ ಔಷಧಕ್ಕೂ, ಸಂಘದ ಸಾಲದ ಕಂತಿಗೂ ಮೊದಲೇ ಹಂಚಿಟ್ಟ ಹಣವಾಗಿರುವದು. ಈಚಿನ ವರುಷಗಳಲ್ಲಿ ಇಂಥವರ ಹಣವನ್ನೇ ಗುರಿಯಿಟ್ಟು ಅಪಹರಿಸುವ ಠಕ್ಕರು ಹುಟ್ಟಿಕೊಂಡಿರುವದರಿಂದ ಅವರ ರೀತಿಗಳನ್ನು ವಿವರಿಸಿ ಬರೆಯುವದು ಅವಶ್ಯವೆಂದು ನನಗೆ ತೋರಿತು.

ಹಿಂದೆ ವ್ಯಾಪಾರವು ಕಣ್ಣೆದುರಿನಲ್ಲಿಯೇ ನಡೆಯುತ್ತಿತ್ತು. ಗಿರಾಕಿಯು ಸಂತೆಗೆ ಬಂದು ಸರಕನ್ನು ಮುಟ್ಟಿ ನೋಡಿ, ಚೌಕಾಶಿ ಮಾಡಿ, ಹಣವನ್ನು ಎಣಿಸಿ ಕೊಟ್ಟು ಹೋಗುತ್ತಿದ್ದನು. ನಮ್ಮ ಅಜ್ಜಿಯರು ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಹಾಕಿ ನಾದವನ್ನು ಕೇಳಿದ ಹೊರತು ಸೆರಗಿನ ಗಂಟಿಗೆ ಸೇರಿಸುತ್ತಿರಲಿಲ್ಲ. ಕಾಣದ ಊರಿನವರೊಡನೆ ವ್ಯವಹರಿಸುವದಕ್ಕೆ ೧೮೭೭ರಲ್ಲಿ ನಮ್ಮ ದೇಶದಲ್ಲಿ ಪ್ರಾರಂಭವಾದ ಅಂಚೆಯ ವಿ.ಪಿ. ಪದ್ಧತಿಯಿತ್ತು, ಅಂಚೆಯವನು ಪೊಟ್ಟಣವನ್ನು ಕೊಟ್ಟು ಕ್ರಯವನ್ನು ವಸೂಲು ಮಾಡಿ ಕಳುಹಿಸುತ್ತಿದ್ದನು. ಗಡಿಯಾರವೆಂದು ಬಿಡಿಸಿಕೊಂಡ ಪೊಟ್ಟಣದಲ್ಲಿ ಇಟ್ಟಿಗೆಯ ಚೂರು ಸಿಕ್ಕಿದ ಕಥೆಗಳನ್ನು ಹಿರಿಯರು ಹೇಳುವದನ್ನು ಕೇಳಿದ್ದೇವೆ. ಆದ್ದರಿಂದ ಮೋಸವೆಂಬದು ಮೊಬೈಲಿನೊಡನೆ ಹುಟ್ಟಿದ್ದಲ್ಲ. ಆದರೆ ೨೦೧೬ರಲ್ಲಿ ಯು.ಪಿ.ಐ. ಎಂಬ ಹಣ ರವಾನೆಯ ಕ್ರಮವು ಬಂದ ಮೇಲೆ ಹಣವು ಒಂದು ಕ್ಷಣದಲ್ಲಿ ಸಾವಿರ ಮೈಲಿ ದಾಟಿ ಹೋಗುವದು. ಇದು ಪ್ರಾಮಾಣಿಕನಿಗೆ ಎಷ್ಟು ಅನುಕೂಲವೋ ಕಳ್ಳನಿಗೂ ಅಷ್ಟೇ ಅನುಕೂಲ. ಆ ಕಾರಣದಿಂದ ಮೊಬೈಲನ್ನೇ ಬಿಟ್ಟುಬಿಡಬೇಕೆಂದು ನಾನು ಹೇಳುವದಿಲ್ಲ. ಬೆಂಗಳೂರಿನಲ್ಲಿರುವ ಗಿರಾಕಿಗೆ ಇಲ್ಲಿಂದ ಎಣ್ಣೆಯನ್ನು ಕಳುಹಿಸಿ ಅದೇ ದಿವಸ ಹಣ ಪಡೆಯುವ ಸೌಕರ್ಯವು ನಮ್ಮ ತಾಯಂದಿರಿಗೆ ಇರಲಿಲ್ಲ. ಕಲ್ಲಿನ ಮೇಲೆ ನಾದ ಕೇಳುವ ಅಭ್ಯಾಸವನ್ನು ಮಾತ್ರ ನಾವು ಬಿಟ್ಟಿದ್ದೇವೆ. ಅದನ್ನು ಹೊಸ ರೀತಿಯಲ್ಲಿ ಕಲಿತುಕೊಳ್ಳಬೇಕಾಗಿದೆ.

ಮೊದಲು ಗಿರಾಕಿಯ ವೇಷದಲ್ಲಿ ಬರುವವನನ್ನು ನೋಡೋಣ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಿಂಡಿಗಳ ಚಿತ್ರಗಳನ್ನು ಫೇಸ್‌ಬುಕ್ಕಿನಲ್ಲಿ ಹಾಕಿ ಅದರ ಕೆಳಗೆ ತನ್ನ ನಂಬರನ್ನು ಬರೆದಿದ್ದಳು. ಒಂದು ದಿವಸ ಒಬ್ಬನು ಹಿಂದಿಯೂ ಇಂಗ್ಲಿಷೂ ಬೆರೆತ ಮಾತಿನಲ್ಲಿ ಫೋನು ಮಾಡಿ, ತಾನು ಸೈನ್ಯದಲ್ಲಿರುವವನೆಂದೂ, ತಮ್ಮ ಶಿಬಿರದ ಸಮಾರಂಭಕ್ಕೆ ಅರವತ್ತು ಕಿಲೋ ಚಕ್ಕುಲಿ ಬೇಕೆಂದೂ ಹೇಳಿದನು. ಕಿಲೋಗೆ ಮುನ್ನೂರು ರೂಪಾಯಿ ಎಂದದ್ದಕ್ಕೆ ಒಂದು ಕಾಸೂ ಚೌಕಾಶಿ ಮಾಡದೆ ಒಪ್ಪಿ, ಸಮವಸ್ತ್ರದ ಭಾವಚಿತ್ರವನ್ನೂ ಗುರುತಿನ ಚೀಟಿಯ ಪ್ರತಿಯನ್ನೂ ವಾಟ್ಸಾಪಿನಲ್ಲಿ ಕಳುಹಿಸಿದನು. ಅರ್ಧ ಹಣ, ಅಂದರೆ ೯,೦೦೦ ರೂಪಾಯಿಗಳನ್ನು ಮುಂಗಡವಾಗಿ ಕೊಡುವೆನೆಂದನು. ಆದರೆ ಸೈನ್ಯದ ಖಾತೆಯಿಂದ ಹಣ ಬರಬೇಕಾದರೆ ಮೊದಲು ಖಾತೆಯನ್ನು “ಪರೀಕ್ಷೆ” ಮಾಡಬೇಕೆಂದು ಹೇಳಿ ಒಂದು ಚೌಕದ ಚಿತ್ರವನ್ನು, ಅಂದರೆ ಕ್ಯು.ಆರ್. ಕೋಡನ್ನು, ಕಳುಹಿಸಿದನು. ಅವಳು ಅದರ ಮೇಲೆ ಒಂದು ರೂಪಾಯಿ ಹಾಕಿದಳು. ಕೂಡಲೇ ಅವಳ ಖಾತೆಗೆ ಎರಡು ರೂಪಾಯಿ ಬಂತು. ಅವಳ ನಂಬಿಕೆಯು ಅಲ್ಲಿಯೇ ಬೇರೂರಿತು. ಅನಂತರ ಅವನು, “ಮೇಡಂಜೀ, ಈಗ ಒಂಭತ್ತು ಸಾವಿರವೆಂದು ಬರೆದು ಪಿನ್ನು ಒತ್ತಿರಿ, ಅದೇ ರೀತಿ ನಿಮಗೆ ಬರುವದು” ಎಂದನು. ಪಿನ್ನು ಒತ್ತಿದಳು, ಹಣ ಹೋಯಿತು. ಅವಳು ಗಾಬರಿಯಿಂದ ಕೇಳಲಾಗಿ, ಕಂಪ್ಯೂಟರಿನಲ್ಲಿ ತೊಡಕಾಗಿದೆ, ಇನ್ನೊಮ್ಮೆ ಅದೇ ಪ್ರಕಾರ ಮಾಡಿದರೆ ಎರಡು ಮೊತ್ತವೂ ಒಟ್ಟಿಗೆ ತಿರುಗಿ ಬರುವವೆಂದು ಸಮಾಧಾನ ಹೇಳಿದನು. ಹೀಗೆ ೧೮,೦೦೦ ರೂಪಾಯಿ ಹೋಯಿತು. ಎಣ್ಣೆಗೂ ಹಿಟ್ಟಿಗೂ ಸಾಲ ತಂದದ್ದು ಬೇರೆ.

ಈ ಹುಡುಗಿಯು ದಡ್ಡಳಲ್ಲ. ಗಣಿತದಲ್ಲಿ ಅವಳಿಗೆ ಒಳ್ಳೇ ಅಂಕಗಳು ಬರುತ್ತಿದ್ದವು. ಆದ್ದರಿಂದಲೇ ಈ ಮೋಸದ ಯಂತ್ರವು ಹೇಗೆ ನಡೆಯುವದೆಂಬದನ್ನು ಬಿಡಿಸಿ ನೋಡಬೇಕು. ಇಲ್ಲಿ ತಿಳಿಯತಕ್ಕ ಮೂಲಸಂಗತಿಯು ಒಂದೇ. ಯು.ಪಿ.ಐ. ಪಿನ್ನು ಎಂಬದು ನಮ್ಮ ಪೆಟ್ಟಿಗೆಯ ಬೀಗದ ಕೈ. ಪೆಟ್ಟಿಗೆಯಿಂದ ಹಣವನ್ನು ಹೊರಗೆ ತೆಗೆಯುವದಕ್ಕೆ ಬೀಗದ ಕೈ ಬೇಕು. ಒಳಗೆ ಹಣ ಬೀಳುವದಕ್ಕೆ ಹುಂಡಿಯ ಸೀಳಿನಂತೆ ಮೇಲೊಂದು ದಾರಿ ಇದ್ದೇ ಇದೆ. ನಮಗೆ ಹಣ ಕೊಡತಕ್ಕವನು ನಮ್ಮ ಕ್ಯು.ಆರ್. ಕೋಡನ್ನು ನೋಡಿ, ತನ್ನ ಮೊಬೈಲಿನಲ್ಲಿ, ತನ್ನ ಪಿನ್ನನ್ನು ಒತ್ತಬೇಕು. ಹಣ ಪಡೆಯುವವಳು ಏನನ್ನೂ ಸ್ಕ್ಯಾನು ಮಾಡಬೇಕಾಗಿಲ್ಲ, ಏನನ್ನೂ ಒತ್ತಬೇಕಾಗಿಲ್ಲ. ಅವಳು ಸ್ಕ್ಯಾನು ಮಾಡಿ ಪಿನ್ನು ಒತ್ತಿದ ಪ್ರತಿಯೊಂದು ಸಾರಿಯೂ ಹಣವು ಅವಳಿಂದ ಹೊರಗೆ ಹೋಗುವದು. ಇದಕ್ಕೆ ಸೈನ್ಯಕ್ಕಾಗಲಿ ಸರಕಾರಕ್ಕಾಗಲಿ ಬೇರೆ ವಿಧಾನವಿಲ್ಲ. ಮೊದಲು ಬಂದ ಎರಡು ರೂಪಾಯಿಯೋ? ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಅವನು ತನ್ನ ಮೊಬೈಲಿನಿಂದ ಕೈಯಾರೆ ಕಳುಹಿಸಿದ ಎರಡು ರೂಪಾಯಿಯೇ ಹೊರತು ಅವಳು ಪಿನ್ನು ಒತ್ತಿದ್ದರ ಫಲವಲ್ಲ.

ಇನ್ನೊಬ್ಬರಿಗೆ “ಇಷ್ಟು ಹಣ ಕೊಡಿರಿ” ಎಂಬ ಕೋರಿಕೆಯನ್ನು ಯು.ಪಿ.ಐ. ಮೂಲಕ ಕಳುಹಿಸಿ, ಅದನ್ನು ಹಣ ಬರುವ ಸೂಚನೆಯೆಂದು ನಂಬಿಸಿ ಪಿನ್ನು ಒತ್ತಿಸುವದು ಮತ್ತೊಂದು ಉಪಾಯವಾಗಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಕೋರಿಕೆ ಕಳುಹಿಸುವ ಸೌಲಭ್ಯವನ್ನು ೨೦೨೫ರ ಅಕ್ಟೋಬರ್ ೧ರಿಂದ ನಿಲ್ಲಿಸಬೇಕೆಂದು ಆಜ್ಞೆಯಾಯಿತು. ಆ ಬಾಗಿಲು ಮುಚ್ಚಿದಂತಾದರೂ ಚೌಕದ ಚಿತ್ರದ ಬಾಗಿಲು ತೆರೆದೇ ಇದೆ.

ಇದಲ್ಲದೆ ಸುಳ್ಳು ರಸೀದಿಯ ಮೋಸವುಂಟು. ಅಂಗಡಿಗೆ ಬಂದವನು ಹಣ ಕಳುಹಿಸಿದೆನೆಂದು ತನ್ನ ಮೊಬೈಲಿನಲ್ಲಿ ಹಸುರು ಗುರುತಿನ ಚಿತ್ರವನ್ನು ತೋರಿಸಿ ಸರಕನ್ನು ಎತ್ತಿಕೊಂಡು ಹೋಗುವನು. ಅಂಥಾ ಚಿತ್ರವನ್ನು ತಯಾರಿಸುವ ನಕಲಿ ಆ್ಯಪುಗಳೇ ಇರುವವು. ದೂರದವನಾದರೆ ೨,೦೦೦ ರೂಪಾಯಿಗೆ ಬದಲಾಗಿ ೨೦,೦೦೦ ರೂಪಾಯಿ ಜಮೆಯಾಯಿತೆಂಬ ಸಂದೇಶವನ್ನು ತಾನೇ ಬರೆದು ಕಳುಹಿಸಿ, “ಅಕ್ಕಾ, ಒಂದು ಸೊನ್ನೆ ಹೆಚ್ಚಾಗಿ ಒತ್ತಿಬಿಟ್ಟೆ, ಹದಿನೆಂಟು ಸಾವಿರವನ್ನು ತಿರುಗಿ ಕಳುಹಿಸಿರಿ, ಆಸ್ಪತ್ರೆಯ ಹಣ” ಎಂದು ಅಳುವನು. ಪ್ರಾಮಾಣಿಕಳಾದ ಹೆಂಗಸು ಇನ್ನೊಬ್ಬರ ಹಣ ನಮಗೆ ಬೇಡವೆಂದು ಅವಸರದಿಂದ ಕಳುಹಿಸಿಬಿಡುವಳು. ಇಲ್ಲಿ ಠಕ್ಕನು ಆಸೆಯನ್ನಲ್ಲ, ನಮ್ಮ ಒಳ್ಳೇತನವನ್ನೇ ಗಾಳವಾಗಿ ಮಾಡಿಕೊಂಡದ್ದನ್ನು ಗಮನಿಸಿರಿ. ಸಂದೇಶವು ಹಣವಲ್ಲ, ಇನ್ನೊಬ್ಬರ ಮೊಬೈಲಿನ ಚಿತ್ರವೂ ಹಣವಲ್ಲ. ನಮ್ಮ ಖಾತೆಯ ಬಾಕಿಯನ್ನು ನಾವೇ ತೆರೆದು ನೋಡಿದಾಗ ಕಾಣುವದೇ ಹಣ. ಅಂಗಡಿಗಳಲ್ಲಿ ಕೂಗಿ ಹೇಳುವ ಸೌಂಡು ಪೆಟ್ಟಿಗೆಯು ಈ ವಿಷಯದಲ್ಲಿ ಒಳ್ಳೇ ಸಹಾಯಕವು. ಗದ್ದಲದ ಹೊತ್ತಿನಲ್ಲಿ ಅದರ ಮಾತನ್ನು ಕೇಳಿದ ಹೊರತು ಸರಕನ್ನು ಕೈಬಿಡಬಾರದು. ನಿಜವಾಗಿಯೂ ಹೆಚ್ಚು ಹಣ ಬಂದಿದ್ದರೆ ಬ್ಯಾಂಕಿಗೆ ತಿಳಿಸಿ ಅವರ ಮೂಲಕವೇ ಹಿಂದಿರುಗಿಸಬಹುದು.

ಅಂಗಡಿಯ ಮುಂದೆ ಅಂಟಿಸಿದ ಕ್ಯು.ಆರ್. ಕಾಗದವನ್ನೂ ಆಗಾಗ್ಗೆ ನೋಡುತ್ತಿರಬೇಕು. ೨೦೨೫ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋ ಎಂಬಲ್ಲಿ ರಾತ್ರಿವೇಳೆ ಕೆಲವು ಅಂಗಡಿಗಳ ಕಾಗದದ ಮೇಲೆ ಠಕ್ಕರು ತಮ್ಮ ಕಾಗದವನ್ನು ಅಂಟಿಸಿ ಹೋಗಿದ್ದರು. ಬೆಳಿಗ್ಗೆ ಔಷಧದ ಅಂಗಡಿಯೊಂದರಲ್ಲಿ ಗಿರಾಕಿಯು ಸ್ಕ್ಯಾನು ಮಾಡಿದಾಗ ಬೇರೆ ಹೆಸರು ಕಂಡದ್ದರಿಂದ ಸಂಗತಿಯು ಹೊರಬಿತ್ತು. ಬೆಳಿಗ್ಗೆ ಕಸ ಗುಡಿಸುವಾಗಲೇ ತಮ್ಮ ಮೊಬೈಲಿನಿಂದ ಒಮ್ಮೆ ಸ್ಕ್ಯಾನು ಮಾಡಿ ಹೆಸರು ತಮ್ಮದೇ ಎಂದು ನೋಡಿಕೊಳ್ಳುವದಕ್ಕೆ ಅರ್ಧ ನಿಮಿಷ ಸಾಕು. ಕಾಗದವನ್ನು ಗಾಜಿನ ಒಳಗಡೆಯಿಂದ ಅಂಟಿಸುವದು ಇನ್ನೂ ಲೇಸು.

ಈಗ ಜಾಹೀರಾತಿನವನ ವಿಷಯಕ್ಕೆ ಬರುತ್ತೇನೆ. ಇವನು ಮೇಲಿನವನಂತೆ ಒಂದು ಗಂಟೆಯಲ್ಲಿ ದೋಚಿಕೊಂಡು ಓಡುವವನಲ್ಲ. ಸಭ್ಯನಾಗಿ ಮಾತಾಡಿ ತಿಂಗಳುಗಟ್ಟಲೆ ಹಿಂಡುವವನು. “ನಿಮ್ಮ ಅಂಗಡಿಯ ಹೆಸರನ್ನು ಗೂಗಲ್‌ನಲ್ಲಿ ಮೊದಲನೆಯದಾಗಿ ಬರುವಂತೆ ಮಾಡುವೆವು, ವರುಷಕ್ಕೆ ಇಷ್ಟು ಸಾವಿರ” ಎಂದು ಕೇಳುವನು. ಕೆಲವರು ತಾವು ಗೂಗಲ್ ಕಂಪೆನಿಯವರೇ ಎಂದೂ, ನಿಮ್ಮ ಅಂಗಡಿಯ ನೊಂದಾವಣೆಯ ಅವಧಿಯು ಇಂದು ಸಾಯಂಕಾಲಕ್ಕೆ ಮುಗಿಯುವದೆಂದೂ ಹೆದರಿಸುವರು. ನಿಜವೇನಂದರೆ, ಅಂಗಡಿಯ ಹೆಸರು, ಸ್ಥಳ, ವೇಳೆ, ಫೋನು ನಂಬರು ಇವುಗಳನ್ನು ಗೂಗಲ್ ನಕ್ಷೆಯಲ್ಲಿ ಸೇರಿಸುವದಕ್ಕೆ ಒಂದು ಕಾಸೂ ಖರ್ಚಿಲ್ಲ, ಅದಕ್ಕೆ ನವೀಕರಣದ ಶುಲ್ಕವೂ ಇಲ್ಲ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮೊಬೈಲು ಹಿಡಿದು ಕೂತರೆ ಒಂದು ಸಾಯಂಕಾಲದಲ್ಲಿ ಮಾಡಿ ಮುಗಿಸಬಲ್ಲಳು. ಹುಡುಕುವವರಿಗೆ ಮೊದಲನೆಯ ಸ್ಥಾನವನ್ನು ಯಾರೂ ಖಾತರಿಯಾಗಿ ಕೊಡಲಾರರೆಂದು ಆ ಕಂಪೆನಿಯವರೇ ಪ್ರಕಟವಾಗಿ ತಿಳಿಸಿದ್ದಾರೆ. ಯಾಕಂದರೆ ಯಾರು ಎಲ್ಲಿಂದ ಹುಡುಕುತ್ತಾರೆ, ಯಾವ ಮಾತಿನಿಂದ ಹುಡುಕುತ್ತಾರೆ, ಅಂಗಡಿಯು ಅವರಿಗೆ ಎಷ್ಟು ಸಮೀಪದಲ್ಲಿದೆ ಎಂಬವುಗಳ ಮೇಲೆ ಆ ಕ್ರಮವು ಬದಲಾಗುತ್ತಿರುವದು. ಕಡೂರಿನಲ್ಲಿ ನಿಂತು ಹುಡುಕುವವನಿಗೂ ದಾವಣಗೆರೆಯಲ್ಲಿ ನಿಂತು ಹುಡುಕುವವನಿಗೂ ಒಂದೇ ಪಟ್ಟಿ ಬರುವದಿಲ್ಲ. ಹಣ ಕೊಟ್ಟು ಮೇಲುಗಡೆ ಹಾಕಿಸುವ ಜಾಹೀರಾತು ಎಂಬದು ಬೇರೆ ಉಂಟು. ಅದರ ಮೇಲೆ ಅದು ಪ್ರಾಯೋಜಿತವೆಂಬ ಗುರುತು ಇರುವದು, ಅದರ ಹಣವನ್ನು ಕಂಪೆನಿಯ ಪುಟದಲ್ಲಿಯೇ ಸ್ವತಃ ಕಟ್ಟಬಹುದು. ನಡುವೆ ನಿಂತವನು ತನ್ನ ಸ್ವಂತ ಖಾತೆಗೆ ಕಳುಹಿಸೆಂದರೆ ಕಾರಣ ಕೇಳಬೇಕು.

ಇವರೊಳಗೆ ಕೆಲವರಿಗೆ ಹಣಕ್ಕಿಂತಲೂ ಬೇಕಾದದ್ದು ಬೇರೊಂದು. “ನಿಮ್ಮ ಮೊಬೈಲಿಗೆ ಈಗ ಒಂದು ಸಂಖ್ಯೆ ಬಂತಲ್ಲಾ, ಅದನ್ನು ಓದಿರಿ” ಎನ್ನುವರು. ಆ ಸಂಖ್ಯೆಯನ್ನು ಓದಿ ಹೇಳಿದರೆ ನಿಮ್ಮ ಅಂಗಡಿಯ ಪುಟವು ಅವರ ವಶವಾಗುವದು. ಆಮೇಲೆ ಗಿರಾಕಿಗಳು ನಿಮ್ಮ ಹೆಸರನ್ನು ಒತ್ತಿದರೆ ಅವರ ಫೋನು ಬಾರಿಸುವದು. ವಾಟ್ಸಾಪನ್ನು ಅಪಹರಿಸುವದೂ ಇದೇ ದಾರಿಯಿಂದ. ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನು ಹೇಳುವದೆಂದರೆ ಬರಿಯ ಕಾಗದಕ್ಕೆ ರುಜು ಹಾಕಿ ಕೊಟ್ಟಂತೆಯೇ ಸರಿ.

ಹಿಂಬಾಲಕರನ್ನು ಮಾರುವವರದು ನನಗೆ ಎಲ್ಲಕ್ಕಿಂತ ವಿನೋದವಾಗಿ ತೋರುವದು. ಇನ್‌ಸ್ಟಾಗ್ರಾಮಿನಲ್ಲಿ ಹತ್ತು ಸಾವಿರ ಮಂದಿಯನ್ನು ಕೂಡಿಸಿಕೊಡುವರಂತೆ! ಆ ಹೆಸರುಗಳಲ್ಲಿ ಬಹಳ ಪಾಲು ಮನುಷ್ಯರದ್ದಲ್ಲ. ಯಂತ್ರದಿಂದ ಹುಟ್ಟಿಸಿದ ಸುಳ್ಳು ಖಾತೆಗಳು. ನಿಜವಾದ ಮನುಷ್ಯರೇ ಇದ್ದರೂ ಯಾವದೋ ಖಂಡದಲ್ಲಿರುವವನು ಹಿರೇನಲ್ಲೂರಿಗೆ ಬಂದು ರವಿಕೆ ಹೊಲಿಸುವನೇ? ನಮ್ಮ ಸಣ್ಣ ವ್ಯಾಪಾರಕ್ಕೆ ಬೇಕಾದದ್ದು ಸುತ್ತಲಿನ ಹತ್ತು ಹಳ್ಳಿಗಳ ಇನ್ನೂರು ಮನೆಗಳು ಮಾತ್ರ. ಐದು ನಕ್ಷತ್ರಗಳ ಹೊಗಳಿಕೆಗಳನ್ನು ಹಣಕ್ಕೆ ಬರೆದುಕೊಡುವವರೂ ಇದೇ ವರ್ಗದವರು. ಅಂಥಾ ಹೊಗಳಿಕೆಯನ್ನು ಕೊಳ್ಳುವದು ಗಿರಾಕಿಗೆ ನಾವೇ ಸುಳ್ಳು ಹೇಳಿದಂತೆ ಆಗುವದು. ಸಿಕ್ಕಿಬಿದ್ದರೆ ಅಂಗಡಿಯ ಪುಟವನ್ನೇ ತೆಗೆದುಹಾಕಬಹುದು. ಇದಕ್ಕೆ ತಿರುಗುಮುರುಗಾಗಿ, ಹಣ ಕೊಡದಿದ್ದರೆ ಕೆಟ್ಟ ಮಾತುಗಳನ್ನು ಬರೆಯಿಸುವೆವೆಂದು ಬೆದರಿಸುವವರೂ ಉಂಟು. ಕೊಡಕೂಡದು, ಒಮ್ಮೆ ಕೊಟ್ಟವಳ ಮನೆಗೆ ಮತ್ತೆ ಬರುವರು. ಬೆದರಿಕೆಯನ್ನು ಹಾಗೆಯೇ ಉಳಿಸಿಕೊಂಡು ದೂರು ಕೊಡತಕ್ಕದ್ದು.

ಹಾಗಾದರೆ ಜಾಹೀರಾತು ಮಾಡುವವರೆಲ್ಲರೂ ಮೋಸಗಾರರೋ? ಅಲ್ಲ. ಒಳ್ಳೇ ಚಿತ್ರ ತೆಗೆದು, ಚೆನ್ನಾಗಿ ಬರೆದು, ನ್ಯಾಯವಾದ ಸಂಬಳ ಕೇಳುವ ಹುಡುಗರು ನಮ್ಮ ಜಿಲ್ಲೆಯಲ್ಲಿಯೂ ಇರುವರು. ಅವರನ್ನು ಪರೀಕ್ಷಿಸುವದಕ್ಕೆ ಒಂದು ಸುಲಭವಾದ ದಾರಿ ಜಿ.ಎಸ್.ಟಿ. ನಂಬರು. ಅದರಲ್ಲಿ ಅಂಕಿಗಳೂ ಅಕ್ಷರಗಳೂ ಸೇರಿ ಹದಿನೈದು ಇರುವವು. ಮೊದಲಿನ ಎರಡು ಅಂಕಿಗಳು ರಾಜ್ಯದ ಗುರುತು, ಕರ್ನಾಟಕಕ್ಕೆ ೨೯. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್ ನಂಬರು. ಸರಕಾರದ ಜಿ.ಎಸ್.ಟಿ. ಪುಟದಲ್ಲಿ ಈ ನಂಬರನ್ನು ಬರೆದರೆ ಯಾರ ಹೆಸರಿನದು, ಯಾವಾಗ ನೊಂದಾಯಿಸಿದ್ದು, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬದೆಲ್ಲಾ ಯಾರಿಗಾದರೂ ಉಚಿತವಾಗಿ ಕಾಣುವದು. ಆ ಹೆಸರೂ, ಹಣ ಕಳುಹಿಸಬೇಕಾದ ಖಾತೆಯ ಹೆಸರೂ ಒಂದೇ ಆಗಿರಬೇಕು. ಸಣ್ಣ ವಹಿವಾಟಿನವರಿಗೆ ಈ ನೊಂದಾವಣೆಯು ಕಡ್ಡಾಯವಲ್ಲವೆಂಬದು ಸತ್ಯವೇ. ಆದರೆ ನಂಬರಿಲ್ಲದವನು ಬಿಲ್ಲಿನ ಮೇಲೆ ನೂರಕ್ಕೆ ಹದಿನೆಂಟು ಜಿ.ಎಸ್.ಟಿ. ಸೇರಿಸಿ ಕೇಳಿದರೆ ಅವನ ಬಾಯಿಂದಲೇ ಅವನ ಸುಳ್ಳು ಹೊರಬಿದ್ದಂತಾಯಿತು. ನಂಬರಿಲ್ಲದವನಿಗೆ ಆ ತೆರಿಗೆಯನ್ನು ವಸೂಲು ಮಾಡುವ ಅಧಿಕಾರವಿಲ್ಲ. ಇಷ್ಟಲ್ಲದೆ, ಏನು ಕೆಲಸ, ಎಷ್ಟು ದಿವಸ, ಎಷ್ಟು ಹಣ ಎಂಬದನ್ನು ಬರವಣಿಗೆಯಲ್ಲಿ ಪಡೆದು, ಮೊದಲನೆಯ ತಿಂಗಳಿಗೆ ಮಾತ್ರ ಹಣ ಕೊಟ್ಟು ನೋಡಬೇಕು. ಈ ಹೊತ್ತೇ ಕೊಟ್ಟರೆ ಅರ್ಧ ಬೆಲೆ, ನಾಳೆಯಾದರೆ ಇಲ್ಲ ಎನ್ನುವವನಿಗೆ ನಾಳೆ ಬಾ ಎಂದು ಹೇಳಿರಿ. ಬೆಲ್ಲ ಕೊಳ್ಳುವದಕ್ಕೆ ನಾಲ್ಕು ಅಂಗಡಿ ಸುತ್ತುವ ನಾವು ಸಾವಿರಾರು ರೂಪಾಯಿಯ ಕೆಲಸಕ್ಕೆ ಒಂದೇ ಫೋನಿಗೆ ಒಪ್ಪುವದು ಆಶ್ಚರ್ಯವಲ್ಲವೇ!

ಸರಕಾರದ ಹೆಸರು ಹೇಳಿ ಬರುವವರದು ಬೇರೊಂದು ಗುಂಪು. ಸಣ್ಣ ಉದ್ಯಮಗಳವರಿಗಾಗಿ ೨೦೨೦ರ ಜುಲೈ ೧ರಿಂದ ಉದ್ಯಮ್ ನೊಂದಾವಣೆ ಎಂಬದು ನಡೆಯುತ್ತಿದೆ. ಅದಕ್ಕೆ ಶುಲ್ಕವೇ ಇಲ್ಲ. ಆದಾಗ್ಯೂ ಅದೇ ಹೆಸರಿನಂತೆ ತೋರುವ ಖಾಸಗಿ ಪುಟಗಳು ಸಾವಿರ ಎರಡು ಸಾವಿರ ಪಡೆದು ಅದನ್ನೇ ಮಾಡಿಕೊಡುವವು. ಸರಕಾರದ ಪುಟದ ವಿಳಾಸದ ಕೊನೆಯು “ಗೌ ಡಾಟ್ ಇನ್” ಎಂದಿರುವದು. ಹೆಸರಿನ ನಡುವೆ ಎಲ್ಲಿಯೋ “ಗೌ” ಎಂಬದಿದ್ದು ಕೊನೆಯು ಬೇರೆಯಾಗಿದ್ದರೆ ಅದು ಸರಕಾರದ್ದಲ್ಲ. ಬ್ಯಾಂಕುಗಳು ೨೦೨೫ರ ಅಕ್ಟೋಬರ್ ೩೧ರೊಳಗೆ “ಬ್ಯಾಂಕ್ ಡಾಟ್ ಇನ್” ಎಂಬ ಕೊನೆಯುಳ್ಳ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆಜ್ಞಾಪಿಸಿತು. ವಿಳಾಸವನ್ನು ಓದುವಾಗ ಹಿಂದಿನಿಂದ ಮುಂದಕ್ಕೆ ಓದುವ ಅಭ್ಯಾಸ ಮಾಡಿಕೊಂಡರೆ ಬಹಳ ಸುಳ್ಳುಗಳು ತಾನಾಗಿಯೇ ಕಾಣಿಸುವವು. ೨೦೧೫ರಲ್ಲಿ ಆರಂಭವಾದ ಮುದ್ರಾ ಸಾಲವನ್ನು ಮಂಜೂರು ಮಾಡಿಸಿಕೊಡುವೆವೆಂದು, ಮೊದಲು ವಿಮೆಯ ಹಣ, ಆಮೇಲೆ ಸ್ಟಾಂಪಿನ ಹಣ, ಆಮೇಲೆ ತೆರಿಗೆಯ ಹಣ ಎಂದು ಕಂತುಕಂತಾಗಿ ಕೀಳುವವರು ಅನೇಕರು. ಸಾಲವನ್ನು ಕೊಡತಕ್ಕದ್ದು ಬ್ಯಾಂಕು. ಬ್ಯಾಂಕಿನ ಕಟ್ಟಡವು ಕಡೂರಿನಲ್ಲಿ ಬಾಗಿಲು ತೆರೆದುಕೊಂಡು ನಿಂತಿದೆ. ಅಲ್ಲಿಗೇ ಹೋಗಿ ಕೇಳಬೇಕು.

೨೦೨೫ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಜಮೆಗಳ ಲೆಕ್ಕದ ಮೇಲೆ ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿದಾಗ ಬೇಕರಿಯವರೂ ತರಕಾರಿಯವರೂ ಎಷ್ಟು ಕಳವಳಪಟ್ಟರೆಂಬದು ನೆನಪಿರಬಹುದು. ಆ ನೋಟೀಸುಗಳು ನಿಜವಾದವು. ಆದರೆ ಜನರ ಮನಸ್ಸಿನಲ್ಲಿ ಇಂಥಾ ಭಯವು ನೆಲೆಗೊಂಡಿರುವಾಗ ಸುಳ್ಳು ನೋಟೀಸಿಗೆ ಹೊಲವು ಹದವಾಗಿರುವದು. ಇಲಾಖೆಯವರು ಫೋನಿನಲ್ಲಿ ಹೆದರಿಸಿ ಯಾರದೋ ಖಾತೆಗೆ ಹಣ ಕಳುಹಿಸೆಂದು ಹೇಳುವದಿಲ್ಲ. ಕಾಗದ ಬಂದರೆ ಅದನ್ನು ಹಿಡಿದುಕೊಂಡು ಕಚೇರಿಗೋ ಲೆಕ್ಕ ಬಲ್ಲವರ ಬಳಿಗೋ ಹೋಗುವದೇ ಸರಿಯಾದ ಮಾರ್ಗ.

ತಂದೆತಾಯಿಗಳು ವಿಶೇಷವಾಗಿ ಲಕ್ಷ್ಯಕೊಡಬೇಕಾದ ಒಂದು ಮೋಸವುಂಟು. ಮನೆಯಲ್ಲಿ ಕೂತು ಜಾಹೀರಾತಿನ ವಿಡಿಯೋಗಳಿಗೆ ಮೆಚ್ಚುಗೆ ಒತ್ತಿದರೆ, ಹೋಟೆಲುಗಳಿಗೆ ನಕ್ಷತ್ರ ಕೊಟ್ಟರೆ, ಪ್ರತಿಯೊಂದಕ್ಕೆ ಐವತ್ತು ರೂಪಾಯಿ ಎಂದು ಹುಡುಗಿಯರಿಗೆ ಸಂದೇಶ ಬರುವದು. ಮೊದಲಿನ ದಿವಸ ೧೫೦ ರೂಪಾಯಿ ನಿಜವಾಗಿಯೂ ಬರುವದು. ಅನಂತರ ಟೆಲಿಗ್ರಾಂ ಗುಂಪಿಗೆ ಸೇರಿಸಿ, ೧,೦೦೦ ಕಟ್ಟಿದರೆ ೧,೩೦೦ ಕೊಡುವರು. ಗುಂಪಿನಲ್ಲಿರುವ ಇತರರು ತಮಗೆ ಲಕ್ಷ ಬಂತೆಂದು ಹರ್ಷಿಸುವರು, ಅವರೆಲ್ಲರೂ ಠಕ್ಕರ ಕಡೆಯವರೇ. ಮೊತ್ತವು ಏರುತ್ತಾ ಹೋಗಿ, ಪರದೆಯ ಮೇಲೆ ದೊಡ್ಡ ಲಾಭ ಕಾಣುವದು, ತೆಗೆದುಕೊಳ್ಳಹೋದರೆ ಇನ್ನಷ್ಟು ಕಟ್ಟಬೇಕೆನ್ನುವರು. ಇಂಥಾ ನೂರಕ್ಕೂ ಹೆಚ್ಚು ಪುಟಗಳನ್ನು ಕೇಂದ್ರ ಸರಕಾರವು ೨೦೨೩ರ ಡಿಸೆಂಬರಿನಲ್ಲಿ ಮುಚ್ಚಿಸಿತು. ಹೊಸವು ಹುಟ್ಟುತ್ತಲೇ ಇವೆ. ಕೆಲಸ ಕೊಡುವವನು ಸಂಬಳ ಕೊಡಬೇಕೇ ಹೊರತು ಕೆಲಸಗಾರಳಿಂದ ಠೇವಣಿ ಕೇಳಬಾರದು. ಇನ್ನು ಕೆಲವರು ಹುಡುಗಿಯರ ಬ್ಯಾಂಕು ಖಾತೆಯನ್ನೇ ಬಾಡಿಗೆಗೆ ಕೇಳುವರು. ಕದ್ದ ಹಣವು ಆ ಖಾತೆಯ ಮೂಲಕ ಹರಿದುಹೋಗುವದು, ಪೋಲೀಸರು ಮೊದಲು ಬರುವದು ಆ ಖಾತೆಯ ಒಡತಿಯ ಬಾಗಿಲಿಗೆ. ಮಗಳ ಹೆಸರಿನ ಪಾಸುಪುಸ್ತಕವನ್ನು ಆಗಾಗ್ಗೆ ನೋಡುವದು ಅಪನಂಬಿಕೆಯಲ್ಲ.

ಮೊಬೈಲಿಗೆ ಬರುವ ಕಡತಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಆರ್ಡರಿನ ಪಟ್ಟಿ, ಮದುವೆಯ ಆಮಂತ್ರಣ ಎಂದು ಬರುವ ಕಡತದ ಹೆಸರಿನ ಕೊನೆಯಲ್ಲಿ “ಎ.ಪಿ.ಕೆ.” ಎಂಬ ಮೂರು ಅಕ್ಷರಗಳಿದ್ದರೆ ಅದು ಪಟ್ಟಿಯೂ ಅಲ್ಲ, ಆಮಂತ್ರಣವೂ ಅಲ್ಲ, ನಿಮ್ಮ ಸಂದೇಶಗಳನ್ನು ಕದ್ದು ಓದುವ ಆ್ಯಪು ಆಗಿರಬಹುದು. ಗುರುತಿನ ನಂಟರ ನಂಬರಿನಿಂದ ಬಂದರೂ ಒತ್ತಬೇಡಿರಿ, ಅವರ ಮೊಬೈಲು ಆಗಲೇ ಕೆಟ್ಟಿರಬಹುದು. ಹಾಗೆಯೇ “ಸಹಾಯ ಮಾಡುವೆನು” ಎಂದು ಪರದೆಯನ್ನು ತೋರಿಸುವ ಆ್ಯಪನ್ನು ಹಾಕಿಕೊಳ್ಳಲು ಹೇಳುವವನು ನಿಮ್ಮ ಮೊಬೈಲಿನೊಳಗೆ ಕೂತು ನೀವು ಒತ್ತುವದೆಲ್ಲವನ್ನೂ ನೋಡುವನು. ಈ ವಿಷಯದಲ್ಲಿ ರಿಸರ್ವ್ ಬ್ಯಾಂಕು ೨೦೧೯ರ ಫೆಬ್ರುವರಿಯಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು.

ಮೇಲೆ ಹೇಳಿದ ಚಕ್ಕುಲಿಯ ಹುಡುಗಿಯು ಹಣ ಹೋದ ಸಂಗತಿಯನ್ನು ನಾಲ್ಕು ದಿವಸ ಯಾರಿಗೂ ಹೇಳಲಿಲ್ಲ. ಗಂಡನು ಸಿಟ್ಟಾಗುವನೆಂದೂ, ಅತ್ತೆಯವರು “ಓದಿದವಳಂತೆ!” ಎನ್ನುವರೆಂದೂ ಹೆದರಿ, ರಾತ್ರಿ ಅತ್ತು, ಹಗಲು ಚಕ್ಕುಲಿ ಒತ್ತಿದಳು. ಐದನೆಯ ದಿವಸ ಅವಳು ನನ್ನ ಬಳಿಗೆ ಬಂದಾಗ ಆ ಹಣವು ನಾಲ್ಕಾರು ಖಾತೆಗಳನ್ನು ದಾಟಿ ಎಲ್ಲಿಯೋ ನೋಟಾಗಿ ತೆಗೆಯಲ್ಪಟ್ಟಿತ್ತು. ಪಿನ್ನು ಒತ್ತಿದ್ದಕ್ಕಿಂತ ಆ ನಾಲ್ಕು ದಿವಸಗಳ ಮೌನವೇ ಅವಳಿಗೆ ಹೆಚ್ಚು ನಷ್ಟವನ್ನು ಮಾಡಿತೆಂದು ನಾನು ನಂಬುತ್ತೇನೆ. ಆ ಮೌನಕ್ಕೆ ಅವಳೊಬ್ಬಳೇ ಕಾರಣಳಲ್ಲ. ಗಂಡಸರು ಅಡಿಕೆಯ ವ್ಯಾಪಾರದಲ್ಲಿ ಲಕ್ಷ ಕಳೆದುಕೊಂಡರೆ ಕಾಲ ಕೆಟ್ಟಿತು ಎನ್ನುತ್ತೇವೆ, ಹೆಂಗಸು ಹದಿನೆಂಟು ಸಾವಿರ ಕಳೆದುಕೊಂಡರೆ ಬುದ್ಧಿ ಕೆಟ್ಟಿತು ಎನ್ನುತ್ತೇವೆ. ತಂದೆತಾಯಿಗಳೂ ಗಂಡಂದಿರೂ ಅತ್ತೆಯವರೂ ಈ ಪುಟವನ್ನು ಓದುವದಾದರೆ ನನ್ನ ವಿನಂತಿಯು ಇಷ್ಟೇ. ಬೈಯುವದಿದ್ದರೆ ಮೊದಲು ೧೯೩೦ಕ್ಕೆ ಫೋನು ಮಾಡಿಸಿ ಆಮೇಲೆ ಬೈಯಿರಿ.

ಈ ೧೯೩೦ ಎಂಬದು ಹಣದ ವಂಚನೆಗಳನ್ನು ತಿಳಿಸುವದಕ್ಕಾಗಿ ದೇಶಕ್ಕೆಲ್ಲಾ ಒಂದಾಗಿ ಇಟ್ಟಿರುವ ನಂಬರು. ದೂರು ಬಂದ ಕೂಡಲೇ ಹಣ ಹೋದ ಬ್ಯಾಂಕಿಗೂ, ಅದು ಸೇರಿದ ಬ್ಯಾಂಕಿಗೂ ಸುದ್ದಿ ಮುಟ್ಟಿ, ಹಣವು ಇನ್ನೂ ಅಲ್ಲಿಯೇ ಇದ್ದರೆ ತಡೆಹಿಡಿಯಲ್ಪಡುವದು. ನೀರು ಕಾಲುವೆಯಿಂದ ಕಾಲುವೆಗೆ ಹರಿದಂತೆ ಹಣವು ಖಾತೆಯಿಂದ ಖಾತೆಗೆ ಹರಿಯುವದರಿಂದ ಮೊದಲನೆಯ ತೂಬಿನಲ್ಲಿಯೇ ತಡೆದರೆ ಸರಿ, ತಡಮಾಡಿದಷ್ಟೂ ಕೈತಪ್ಪುವದು. ಹಣ ಹೋದ ವೇಳೆ, ಮೊತ್ತ, ಹನ್ನೆರಡು ಅಂಕಿಗಳ ಯು.ಪಿ.ಐ. ವ್ಯವಹಾರ ಸಂಖ್ಯೆ, ಠಕ್ಕನ ಫೋನು ನಂಬರು ಇವುಗಳನ್ನು ಎದುರಿಗೆ ಇಟ್ಟುಕೊಂಡು ಮಾತಾಡಬೇಕು. ಸಂದೇಶಗಳನ್ನು ನಾಚಿಕೆಯಿಂದ ಅಳಿಸಿಬಿಡುವವರು ಬಹಳ. ಅಳಿಸಕೂಡದು, ಅವೇ ಸಾಕ್ಷಿಗಳು. ೨೦೧೯ರಿಂದ ನಡೆಯುತ್ತಿರುವ ಸೈಬರ್ ಅಪರಾಧಗಳ ರಾಷ್ಟ್ರೀಯ ಪುಟದಲ್ಲಿಯೂ ದೂರನ್ನು ಬರೆಯಬಹುದು. ನಮ್ಮ ಜಿಲ್ಲೆಯವರಿಗೆ ಚಿಕ್ಕಮಗಳೂರಿನಲ್ಲಿ ಸೆನ್ ಪೋಲೀಸು ಠಾಣೆಯುಂಟು; ಅಷ್ಟು ದೂರ ಹೋಗಲಾಗದವರು ಹತ್ತಿರದ ಠಾಣೆಗೆ ಹೋಗಬಹುದು. ವೇಷ ಮರೆಸಿ ಕಂಪ್ಯೂಟರು ಅಥವಾ ಮೊಬೈಲಿನ ಮೂಲಕ ವಂಚಿಸುವದಕ್ಕೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಡಿ ಪ್ರಕರಣದಲ್ಲಿ ಮೂರು ವರುಷಗಳ ವರೆಗೆ ಸೆರೆಯೂ ಒಂದು ಲಕ್ಷದ ವರೆಗೆ ದಂಡವೂ ಇರುವದು.

ಬ್ಯಾಂಕಿಗೂ ಅದೇ ದಿವಸ ತಿಳಿಸಬೇಕು. ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗಿರಾಕಿಯ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿವಸಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆಯಿಲ್ಲವೆಂದು ಗೊತ್ತುಮಾಡಲಾಯಿತು. ತಾವೇ ಪಿನ್ನನ್ನೋ ಗುಪ್ತಸಂಖ್ಯೆಯನ್ನೋ ಕೊಟ್ಟಿದ್ದರೆ, ತಿಳಿಸುವ ವರೆಗಿನ ನಷ್ಟವು ತಮ್ಮದು, ತಿಳಿಸಿದ ಮೇಲಿನ ನಷ್ಟವು ಬ್ಯಾಂಕಿನದು. ಆದ್ದರಿಂದ ಮೊದಲನೆಯ ಸಾರಿ 9,000 ಹೋದ ಕೂಡಲೇ ಬ್ಯಾಂಕಿಗೆ ಹೇಳಿದವಳ ಉಳಿದ ಹಣವಾದರೂ ಉಳಿಯುವದು.

ಕೊನೆಯದಾಗಿ ಇನ್ನೊಬ್ಬನು ಬರುವನು. ಹಣ ಕಳೆದುಕೊಂಡವರ ಪಟ್ಟಿಗಳು ಠಕ್ಕರ ಕೈಯಿಂದ ಕೈಗೆ ಹೋಗುವದುಂಟು. ಕೆಲವು ವಾರಗಳಾದ ಮೇಲೆ ವಕೀಲನೆಂದೋ ಸೈಬರ್ ಅಧಿಕಾರಿಯೆಂದೋ ಹೇಳಿಕೊಂಡು ಒಬ್ಬನು ಫೋನು ಮಾಡಿ, ನಿಮ್ಮ ಹಣವು ಸಿಕ್ಕಿದೆ, ಬಿಡಿಸಿಕೊಳ್ಳುವದಕ್ಕೆ ೨,೫೦೦ ರೂಪಾಯಿ ಶುಲ್ಕ ಕಟ್ಟಿರಿ ಎನ್ನುವನು. ಕಳೆದುಕೊಂಡ ಮೊತ್ತವೂ ತಾರೀಕೂ ಅವನಿಗೆ ಸರಿಯಾಗಿ ಗೊತ್ತಿರುವದರಿಂದ ನಂಬಿಕೆ ಹುಟ್ಟುವದು. ತಡೆಹಿಡಿದ ಹಣವು ಬ್ಯಾಂಕಿನಲ್ಲಿಯೇ ಇದ್ದು ಕಾನೂನಿನ ಕ್ರಮದ ಪ್ರಕಾರ ಖಾತೆಗೆ ಹಿಂದಿರುಗುವದು. ಅದಕ್ಕಾಗಿ ಪೋಲೀಸರಾಗಲಿ ಬ್ಯಾಂಕಿನವರಾಗಲಿ ಮೊಬೈಲಿನಲ್ಲಿ ಶುಲ್ಕವನ್ನು ಕೇಳುವದಿಲ್ಲ. ದೂರು ಕೊಟ್ಟಾಗ ಸಿಕ್ಕಿದ ಸಂಖ್ಯೆಯನ್ನು ಒಂದು ಚೀಟಿಯ ಮೇಲೆ ಬರೆದು ಪಾಸುಪುಸ್ತಕದಲ್ಲಿ ಇಟ್ಟುಕೊಳ್ಳಿರಿ, ಫೋನು ಮಾಡಿದವನನ್ನು ಆ ಸಂಖ್ಯೆ ಏನೆಂದು ಕೇಳಿರಿ, ಅವನು ಸರಿಯಾಗಿ ಹೇಳಿದರೂ ಹಣ ಕೊಡದೆ ಠಾಣೆಗೆ ಹೋಗಿ ವಿಚಾರಿಸಿರಿ. ಒಬ್ಬಳೇ ಹೋಗುವದಕ್ಕೆ ಸಂಕೋಚಪಡುವ ಹಳೆಯ ವಿದ್ಯಾರ್ಥಿನಿಯರು ಶಾಲೆಯ ವೇಳೆ ಮುಗಿದ ಮೇಲೆ ಯಾವ ದಿವಸವಾದರೂ ಬಂದರೆ ನಮ್ಮ ಉಪಾಧ್ಯಾಯಿನಿಯರೊಳಗೆ ಒಬ್ಬರು ಜೊತೆಯಲ್ಲಿ ಬರುವರು.